ಕೇಳದೆ ಸಿಕ್ಕ ಲಿಂಕು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಎದುರಿಗೆ ಮೇಡಂ, ಬೆನ್ನ ಹಿಂದೆ ಲಿಂಕಮ್ಮ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಮಾಡುವ ಕೆಲಸದ ಹೆಸರನ್ನೇ ಇಟ್ಟಿದ್ದಾರೆ, ಇದಕ್ಕಿಂತ ಕೆಟ್ಟ ಹೆಸರು ಇಡಿಸಿಕೊಂಡವರು ಅದೇ ಆಫೀಸಿನಲ್ಲಿ ಬೇಕಾದಷ್ಟು ಜನ ಇದ್ದಾರೆ ಎಂದು ನಕ್ಕು ಸುಮ್ಮನಾಗುತ್ತಿದ್ದಳು.

ತನ್ನ ಕೆಲಸ ಏನೆಂದು ಮನೆಯವರಿಗೆ ತಿಳಿಯಹೇಳುವಷ್ಟರಲ್ಲಿ ಮಾತ್ರ ಅವಳಿಗೆ ಸಾಕುಸಾಕಾಗಿತ್ತು. ಅವಳಿದ್ದದ್ದು ಅಣ್ಣ ಅತ್ತಿಗೆಯ ಜೊತೆ. ಕೆಳಗೆ ಅಣ್ಣನ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಒಂದು ದಿನ ಬಟ್ಟೆ ಮಡಿಸುತ್ತ ಅತ್ತಿಗೆ ಬಿಡದೆ ಕೇಳಿದಾಗ ಅವಳು ಕೂರಿಸಿಕೊಂಡು ಹೇಳಿದಳು.

"ನೋಡಿ ಅತ್ತಿಗೆ, ಜನ ಏನಾದ್ರೂ ಬೇಕು ಅಂತ ಇಂಟರ್ನೆಟ್ಟಲ್ಲಿ ಹುಡುಕ್ತಾರಲ್ಲ, ಆಗ ಯಾರ ಅಂಗಡಿ ಮೊದಲು ತೋರಿಸ್ಬೇಕು ಅಂತ ಆ ಯಂತ್ರಕ್ಕೆ ಹೇಗೆ ಗೊತ್ತಾಗ್ಬೇಕು? ಬೇರೆಯವರು ಯಾರ ಕಡೆ ಕೈ ತೋರಿಸ್ತಾರೆ ಅಂತ ನೋಡುತ್ತೆ. ತಿಳಿದೋರು, ಹಳಬರು, ನಾಲ್ಕು ಜನ ನಂಬೋರು ಕೈ ತೋರಿಸಿದ್ರೆ ಮೇಲೆ ಹಾಕುತ್ತೆ. ಹಾಗೆ ಕೈ ತೋರಿಸೋದಕ್ಕೇ ಲಿಂಕ್ ಅನ್ನೋದು."

"ಅದರಲ್ಲಿ ನಿನ್ನ ಕೆಲಸ ಏನು?"

"ದಯವಿಟ್ಟು ನಮ್ಮ ಕಡೆ ಕೈ ತೋರಿಸಿ ಅಂತ ಕಾಗದ ಬರೆಯೋದು."

"ಅಯ್ಯೋ, ಶಿಫಾರಸು ಹಿಡಿಯೋದು ಅನ್ನು. ಅದಕ್ಕಿಷ್ಟು ಸುತ್ತಿ ಬಳಸಿ ಹೇಳ್ಬೇಕಾ?" ಎಂದು ಅತ್ತಿಗೆ ಮಡಿಸಿದ ಬಟ್ಟೆ ಎತ್ತಿಕೊಂಡು ಹೋದಳು.

ಶಿಫಾರಸೇ ಸರಿ. ಆದರೆ ಅದರಲ್ಲಿ ಅವಳದು ಪಳಗಿದ ಕೈ. ಹಾಸಿಗೆ ಮಾರುವವರು, ಹಲ್ಲಿನ ಡಾಕ್ಟರು, ಕಿಟಕಿ ಪರದೆಯವರು, ಯಾರು ಬಂದರೂ ಅವರ ವೆಬ್‌ಸೈಟಿಗೆ ಲಿಂಕ್ ಕೊಡಬಹುದಾದ ಒಳ್ಳೆಯ ಪುಟಗಳನ್ನು ಅವಳು ಹುಡುಕಿ ತೆಗೆಯುತ್ತಿದ್ದಳು. ಆ ಪುಟ ನಡೆಸುವವರ ಇಮೇಲ್ ಎಲ್ಲಿ ಅಡಗಿದ್ದರೂ ಪತ್ತೆ ಹಚ್ಚುತ್ತಿದ್ದಳು. ಆಮೇಲೆ ಕಾಗದ. ಅದಕ್ಕೊಂದು ಕ್ರಮವಿತ್ತು. ಮೊದಲ ಸಾಲಿನಲ್ಲಿ ಧಾರಾಳವಾಗಿ ಬೆಣ್ಣೆ. ಆಮೇಲೆ, ನಿಮ್ಮ ಪುಟವನ್ನು ಕೂತು ಓದಿದ್ದೇನೆ ಎಂದು ನಂಬಿಸಲು ಅವರದೇ ಬರಹದಿಂದ ಹೆಕ್ಕಿದ ಮನೆಮಾತು, ನಾಯಿಯ ಹೆಸರೋ ಮೊಮ್ಮಗನ ತುಂಟಾಟವೋ. ಕೊನೆಗೆ 'ಒಂದು ಸಣ್ಣ ಸಹಾಯ'. ಉತ್ತರ ಬರದಿದ್ದರೆ ಸ್ವಲ್ಪ ದಿನ ಬಿಟ್ಟು 'ನನ್ನ ಹಿಂದಿನ ಕಾಗದ ತಮ್ಮ ಕಣ್ಣಿಗೆ ಬಿತ್ತೋ ಇಲ್ಲವೋ' ಎಂದು ಇನ್ನೊಂದು. ಹೊಸದಾಗಿ ಸೇರಿದವರಿಗೆ ಇದನ್ನು ಕಲಿಸುತ್ತಿದ್ದವಳೂ ಅವಳೇ. ಹೊಗಳುವಾಗ ನಾಚಿಕೆ ಪಡಬಾರದು, ಕೇಳುವಾಗ ಅವಸರ ಪಡಬಾರದು ಎನ್ನುತ್ತಿದ್ದಳು.

ಆಫೀಸಿನಲ್ಲಿ ಇನ್ನೊಂದು ವಿದ್ಯೆಯೂ ನಡೆಯುತ್ತಿತ್ತು. ವೆಬ್ ವಿಳಾಸ ಯಾರಿಗೂ ಶಾಶ್ವತವಲ್ಲ, ಕಾಲಕಾಲಕ್ಕೆ ನವೀಕರಿಸುತ್ತಿರಬೇಕು. ಮರೆತರೆ ಅದು ಕೈತಪ್ಪಿ ಸಂತೆಗೆ ಬರುತ್ತದೆ. ಆದರೆ ಊರವರೆಲ್ಲ ಆ ವಿಳಾಸದ ಕಡೆ ತೋರಿಸಿದ ಕೈಗಳು ತೋರಿಸಿದ ಹಾಗೇ ಇರುತ್ತವೆ. ಹಾಗೆ ಬೀದಿಗೆ ಬಿದ್ದ ಒಳ್ಳೆಯ ಹೆಸರನ್ನು ಕೊಂಡು, ಅದರ ಹಳೆಯ ಬರಹವನ್ನೂ ಚಿತ್ರವನ್ನೂ ಎಲ್ಲಿಂದಲೋ ತಂದು ಮತ್ತೆ ಅಂಟಿಸಿ, ಮಧ್ಯೆ ಮೆಲ್ಲಗೆ ತಮ್ಮ ಸರಕು ತುರುಕುವುದು. ಅವಳು ಒಮ್ಮೆ ಹಕ್ಕಿ ನೋಡುವವರ ಹಳೆಯ ಸಂಘವೊಂದರ ವಿಳಾಸವನ್ನು ಹಾಸಿಗೆ ಕಂಪನಿಗೆ ಹೀಗೇ ಕೊಡಿಸಿದ್ದಳು. ಹಕ್ಕಿ ನೋಡಲು ಬಂದವರು ಹಾಸಿಗೆ ನೋಡಿಕೊಂಡು ಹೋದರು. ಬಾಸ್ ಎಲ್ಲರನ್ನೂ ಕರೆದು ಅವಳಿಗೆ ಚಪ್ಪಾಳೆ ಹೊಡೆಸಿದ. ಅದರಲ್ಲಿ ಯಾರದಾದರೂ ಗಂಟು ಹೋಯಿತು ಎಂದು ಅವಳಿಗೆ ಅನ್ನಿಸಿರಲಿಲ್ಲ.

ಅಣ್ಣನ ಕೆಲಸ ಇದಕ್ಕೆ ತದ್ವಿರುದ್ಧ. ಅವನು ಮಕ್ಕಳಿಗೆ ಬೂಟು ಮಾಡುವವನು. ಎಲ್ಲ ಮಕ್ಕಳಿಗಲ್ಲ. ಹುಟ್ಟುವಾಗಲೇ ಪಾದ ಒಳಕ್ಕೆ ತಿರುಚಿಕೊಂಡಿರುವ ಕೂಸುಗಳಿರುತ್ತವೆ. ಡಾಕ್ಟರು ವಾರವಾರ ಪ್ಲಾಸ್ಟರ್ ಬದಲಿಸುತ್ತ ಪಾದವನ್ನು ನೇರಕ್ಕೆ ತರುತ್ತಾರೆ. ಅಷ್ಟಕ್ಕೇ ಬಿಟ್ಟರೆ ಪಾದ ಮತ್ತೆ ತನ್ನ ಹಳೆಯ ಚಾಳಿಗೆ ತಿರುಗುತ್ತದೆ. ಅದಕ್ಕೆ ಮಗು ಮಲಗುವಾಗಲೆಲ್ಲ ಹಾಕುವಂಥ ಎರಡು ಬೂಟು, ಎರಡನ್ನೂ ಜೋಡಿಸುವ ಒಂದು ಅಡ್ಡಪಟ್ಟಿ. ಇದನ್ನು ವರ್ಷಗಟ್ಟಲೆ ಹಾಕಿಸಬೇಕು. ಹಿಮ್ಮಡಿ ಒಂದು ಚೂರು ಎದ್ದರೂ ಬೂಟು ಇದ್ದೂ ಇಲ್ಲದ ಹಾಗೆ.

ಬೀಗದ ಕೈ ಮಾಡುವವನ ಗೂಡಿಗೂ ಇಸ್ತ್ರಿ ಅಂಗಡಿಗೂ ನಡುವೆ ಅವನ ಅಂಗಡಿ. ಒಳಗೆ ಚರ್ಮದ, ಅಂಟಿನ ವಾಸನೆ. ಗೋಡೆಯ ಉದ್ದಕ್ಕೂ ಕೈಯ ಮುಷ್ಟಿಯಷ್ಟೇ ಇರುವ ಮರದ ಪಾದದ ಅಚ್ಚುಗಳು, ಎಡಬಲ ಜೋಡಿಯಾಗಿ. ದೊಡ್ಡವರ ಜೊತೆ ಅವನಿಗೆ ಮಾತೇ ಬರುತ್ತಿರಲಿಲ್ಲ, ಹೂಂ ಉಹೂಂ ಅಷ್ಟೆ. ಕೂಸುಗಳ ಜೊತೆ ಮಾತ್ರ ಬಾಯಿ ಮುಚ್ಚುತ್ತಿರಲಿಲ್ಲ. "ಏನ್ ಸ್ವಾಮಿ, ಕಾಲು ಕೊಡಲ್ವಾ? ನಂಗೇ ಒದೀತೀರಾ? ಒದೀರಿ, ಒದೀರಿ, ಜೋರು ಎಷ್ಟಿದೆ ನೋಡೋಣ," ಎನ್ನುತ್ತ ಅಳತೆ ಮುಗಿಸಿಬಿಡುತ್ತಿದ್ದ.

ಅವನಿಗೊಂದು ವೆಬ್‌ಸೈಟು ಮಾಡಿಕೊಟ್ಟಿದ್ದಳು ಅವಳು, ತಾನು ಈ ಕೆಲಸಕ್ಕೆ ಸೇರುವುದಕ್ಕೂ ಎಷ್ಟೋ ಮುಂಚೆ. ಅಣ್ಣ ಚರ್ಮ ಕತ್ತರಿಸುತ್ತ ಹೇಳಿದ್ದನ್ನೆಲ್ಲ ಅವನ ಮಾತಿನಲ್ಲೇ ಟೈಪ್ ಮಾಡಿದ್ದಳು. ಹಿಮ್ಮಡಿ ಕೂತಿದೆಯೋ ಇಲ್ಲವೋ ಹೇಗೆ ನೋಡಬೇಕು, ಚರ್ಮ ಕೆಂಪಾದರೆ ಏನು ಮಾಡಬೇಕು, ಮಗು ರಚ್ಚೆ ಹಿಡಿದರೆ ಅಪ್ಪ ಅಮ್ಮ ಯಾಕೆ ಕರಗಬಾರದು. ಕನ್ನಡಕವನ್ನು ಹಣೆಗೇರಿಸಿಕೊಂಡು ಅಂಗೈಯಲ್ಲಿ ಪುಟ್ಟ ಬೂಟು ಹಿಡಿದ ಅವನ ಒಂದು ಫೋಟೋ. ಅಷ್ಟೇ ಆ ವೆಬ್‌ಸೈಟು.

ಅದನ್ನು ದೂರದ ದೇಶದಲ್ಲಿದ್ದ ಒಬ್ಬ ತಾಯಿ ಓದಿದಳು. ಅಳತೆ ಕಳಿಸಿ ಬೂಟು ತರಿಸಿಕೊಂಡಳು. ಅವಳ ಮಗಳು ನಡೆದಳು, ಓಡಿದಳು. ಆ ತಾಯಿ ಇಂಥ ಮಕ್ಕಳ ಅಪ್ಪ ಅಮ್ಮಂದಿರಿಗಾಗಿಯೇ ಒಂದು ಪುಟ ನಡೆಸುತ್ತಿದ್ದಳು. ತನ್ನ ಹೆಸರು, ಊರು, ಫೋನು ಏನನ್ನೂ ಹಾಕಿರಲಿಲ್ಲ, ಇಮೇಲ್ ಒಂದೇ. ಅದರಲ್ಲಿ ಅಣ್ಣನ ಹೆಸರು ಹಾಕಿ, 'ನನ್ನ ಮಗಳ ಕಾಲು ಉಳಿದದ್ದು ಇವರಿಂದ, ಮೊದಲು ಇವರ ಮಾತು ಓದಿ' ಎಂದು ಬರೆದು ಲಿಂಕ್ ಕೊಟ್ಟಳು. ಯಾರೂ ಕೇಳಿರಲಿಲ್ಲ, ಯಾರೂ ಹೊಗಳಿರಲಿಲ್ಲ. ಅವಳನ್ನು ನೋಡಿ ಎರಡು ಆಸ್ಪತ್ರೆಯವರು, ಒಂದು ಗ್ರಂಥಾಲಯದವರು ಕೊಟ್ಟರು. ಬೂಟು ಹುಡುಕಿದವರಿಗೆಲ್ಲ ಮೊದಲು ಕಾಣುತ್ತಿದ್ದದ್ದು ಆ ತಾಯಿಯ ಪುಟ, ಅದರ ಬೆನ್ನಿಗೇ ಅಣ್ಣನದು. ಅಂಗಡಿ ನಡೆಯುತ್ತಿದ್ದದ್ದೇ ಅದರಿಂದ. ಇಡೀ ದಿನ ಲಿಂಕಿಗಾಗಿ ಅಂಗಲಾಚುವ ನಮ್ಮ ಲಿಂಕಮ್ಮನಿಗೆ ಇದನ್ನು ಕಂಡರೆ ಹೆಮ್ಮೆಯೂ ಆಗುತ್ತಿತ್ತು, ಸಣ್ಣ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಆ ಹೊಟ್ಟೆಕಿಚ್ಚೇ ಇರಬೇಕು ಅವಳು ಅದರಲ್ಲಿ ಕೈಯಾಡಿಸುವಂತೆ ಮಾಡಿದ್ದು. ಅಣ್ಣನ ವೆಬ್ ವಿಳಾಸ ಅಪ್ಪನ ಹೆಸರಿನಲ್ಲಿತ್ತು. ಜನ ಅಪ್ಪನ ಹೆಸರು ಹಾಕಿ ಹುಡುಕುತ್ತಾರೆಯೇ? ಮಕ್ಕಳ ಬೂಟು ಎಂದು ತಾನೆ ಹುಡುಕುವುದು? ವಿಳಾಸದಲ್ಲೇ ಆ ಮಾತು ಇದ್ದರೆ ಇನ್ನೂ ಮೇಲೆ ಬರಬಹುದು ಎಂದು ಅವಳ ಕಸುಬಿನ ಬುದ್ಧಿ ಹೇಳಿತು. ಅಣ್ಣ "ಇರೋದೇ ಚೆನ್ನಾಗಿದೆಯಲ್ಲ ಪುಟ್ಟಿ," ಎಂದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಸ ವಿಳಾಸ ಕೊಂಡಳು, ಎಲ್ಲವನ್ನೂ ಅಲ್ಲಿಗೆ ಸಾಗಿಸಿದಳು, ಹಳೆಯ ವಿಳಾಸಕ್ಕೆ ಬಂದವರು ತಾವಾಗಿ ಹೊಸದಕ್ಕೆ ಹೋಗುವ ಹಾಗೆ ಮಾಡಿದಳು. ಹೀಗೆ ಮಾಡಿದಾಗ ಹಳೆಯ ವಿಳಾಸವನ್ನು ಜೀವ ಹೋದರೂ ಕೈಬಿಡಬಾರದು. ಇದನ್ನು ಗಿರಾಕಿಗಳಿಗೆ ಬಾಯಿ ನೋಯುವಷ್ಟು ಸಲ ಹೇಳಿದ್ದಳು.

ಕೈಬಿಟ್ಟದ್ದು ಹೇಗೆ ಎಂದರೆ, ಅದೂ ಅವಳ ಕಸುಬಿನಿಂದಲೇ. ದಿನಕ್ಕೆ ರಾಶಿ ರಾಶಿ ಕಾಗದ ಬರೆಯುವವಳಿಗೆ ಉತ್ತರಗಳೂ ರಾಶಿ ರಾಶಿ. ಅದರಲ್ಲಿ ಮುಕ್ಕಾಲು ಪಾಲು ಯಂತ್ರ ಬರೆದವು. ಗೌರವಾನ್ವಿತರೇ, ನಿಮ್ಮ ಪತ್ರ ತಲುಪಿದೆ, ಇದಕ್ಕೆ ಉತ್ತರಿಸಬೇಡಿ. ಅವನ್ನು ನೋಡಿ ನೋಡಿ ತಲೆ ಚಿಟ್ಟು ಹಿಡಿದು, ಯಂತ್ರ ಬರೆದದ್ದು ಯಾವುದೇ ಬಂದರೂ ನೇರ ಕಸದ ಬುಟ್ಟಿಗೆ ಹೋಗುವಂತೆ ತನ್ನ ಅಂಚೆಪೆಟ್ಟಿಗೆಗೆ ಒಂದು ನಿಯಮ ಹಾಕಿಟ್ಟಿದ್ದಳು. ಅಣ್ಣನ ವಿಳಾಸದ ಅವಧಿ ಮುಗಿಯುತ್ತಿದೆ, ನವೀಕರಿಸಿ ಎಂಬ ಎಚ್ಚರಿಕೆಯೂ ಗೌರವಾನ್ವಿತರೇ ಎಂದೇ ಶುರುವಾಗಿತ್ತು. ಮೊದಲನೆಯದು ಬುಟ್ಟಿಗೆ ಹೋಯಿತು, ಕೊನೆಯದೂ ಹೋಯಿತು.

ಅಂಗಡಿಗೆ ಬರುವ ಫೋನು ಕಡಿಮೆಯಾದಾಗ ಮೊದಲು ಯಾರೂ ಗಮನಿಸಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅತ್ತಿಗೆ, "ಏನೇ, ಫೋನು ಕೆಟ್ಟುಹೋಗಿದ್ಯಾ ಅಂತ ನೋಡು. ಮೂರು ದಿನದಿಂದ ಇವರು ಹಳೇ ಅಚ್ಚನ್ನೇ ಒರೆಸ್ತಾ ಕೂತಿದ್ದಾರೆ," ಎಂದಳು. ಫೋನು ಸರಿಯಾಗಿತ್ತು. ಅವಳು ಲ್ಯಾಪ್‌ಟಾಪ್ ತೆಗೆದು ಆ ತಾಯಿಯ ಪುಟಕ್ಕೆ ಹೋಗಿ ಅಣ್ಣನ ಲಿಂಕ್ ಒತ್ತಿದಳು. ಹಳೆಯ ವೆಬ್‌ಸೈಟು ತೆರೆದುಕೊಂಡಿತು. ಹೊಸದಕ್ಕೆ ಹೋಗಲಿಲ್ಲ, ಹಳೆಯದೇ. ಕನ್ನಡಕ ಹಣೆಗೇರಿಸಿಕೊಂಡ ಅಣ್ಣ. ಅಣ್ಣನದೇ ಮಾತುಗಳು. ಅವುಗಳ ಮಧ್ಯೆ, ಅದನ್ನೂ ಅಣ್ಣನೇ ಹೇಳಿದನೇನೋ ಎಂಬಂತೆ, ಒಂದು ಹೊಸ ಮಾತು: ಈಗ ಬೂಟಿನ ತಾಪತ್ರಯ ಬೇಡ, ಅಯಸ್ಕಾಂತದ ಈ ಕಾಲುಚೀಲ ಹಾಕಿದರೆ ಸಾಕು, ಮಗು ಅಳುವುದೂ ಇಲ್ಲ. ಕೆಳಗೆ ತರಿಸಿಕೊಳ್ಳುವ ಗುಂಡಿ.

ಏನಾಗಿದೆ ಎಂದು ಬೇರೆಯವರಿಗಾದರೆ ತಿಳಿಯಲು ದಿನಗಳೇ ಬೇಕಾಗುತ್ತಿತ್ತು, ಅವಳಿಗೆ ನೋಡಿದೊಡನೆ ಗೊತ್ತಾಯಿತು. ಹಳೆಯ ಬರಹ ಎಲ್ಲಿಂದ ತಂದರು, ಹೊಸ ಮಾತನ್ನು ಯಾಕೆ ಮಧ್ಯದಲ್ಲೇ ಇಟ್ಟರು, ಎಲ್ಲವೂ. ಅವಳೇ ಮಾಡಿದ್ದರೂ ಹೀಗೇ ಮಾಡುತ್ತಿದ್ದಳು. ಕೊಂಡವನನ್ನು ಬಾಯಿ ತುಂಬ ಶಪಿಸಬೇಕು ಅನ್ನಿಸಿತು. ಶಾಪ ಅರ್ಧಕ್ಕೇ ನಿಂತಿತು.

ಬಾಸಿನ ಹತ್ತಿರ ಹೋದಳು. ಅವನು ಕುರ್ಚಿ ಹಿಂದಕ್ಕೆ ವಾಲಿಸಿ ಎಲ್ಲ ಕೇಳಿಸಿಕೊಂಡ. "ಛೆ, ನಿಮಗೇ ಹೀಗಾಗೋದಾ ಮೇಡಂ," ಎಂದು ಲೊಚಗುಟ್ಟಿದ. ಆಮೇಲೆ, "ಒಳ್ಳೇ ಲಿಂಕ್ ಇರೋ ವಿಳಾಸ ಕೊಂಡವನು ಬಿಡ್ತಾನಾ? ನಾವು ಬಿಡ್ತೀವಾ?" ಎಂದ. ಅದರಲ್ಲಿ ಸುಳ್ಳೆನ್ನಲು ಒಂದಕ್ಷರವೂ ಇರಲಿಲ್ಲ.

ವಿಳಾಸ ಮಾರಿದ ಕಂಪನಿಗೆ ಬರೆದಳು. ಅವಧಿ ಮುಗಿದಿತ್ತು, ಈಗಿನ ಮಾಲೀಕರು ಕಾನೂನುಬದ್ಧವಾಗಿ ಕೊಂಡಿದ್ದಾರೆ, ಹೆಸರು ತಿಳಿಸಲಾಗುವುದಿಲ್ಲ ಎಂದು ಉತ್ತರ ಬಂತು. ಅಣ್ಣನ ಫೋಟೋ ಕದ್ದಿದ್ದಾರೆ ಎಂದು ಹುಡುಕುವ ಯಂತ್ರದವರಿಗೆ ದೂರು ಕೊಟ್ಟಳು. ನಿಮ್ಮ ದೂರು ತಲುಪಿದೆ, ಇದಕ್ಕೆ ಉತ್ತರಿಸಬೇಡಿ ಎಂದರು. ಅದೇ ಕೊನೆ. ತಟ್ಟೋಣವೆಂದರೆ ಬಾಗಿಲಿಲ್ಲ, ಬೈಯೋಣವೆಂದರೆ ಮುಖವಿಲ್ಲ. ಎರಡು ಆಸ್ಪತ್ರೆಗಳಲ್ಲಿ ಒಂದು ತನ್ನ ಲಿಂಕ್ ಬದಲಾಯಿಸಿಕೊಟ್ಟಿತು, ಗ್ರಂಥಾಲಯ ಆ ಪುಟವನ್ನೇ ತೆಗೆದುಹಾಕಿತು. ಎಲ್ಲಕ್ಕೂ ಮೇಲೆ ನಿಂತಿದ್ದದ್ದು ಆ ತಾಯಿಯ ಪುಟ. ಅಲ್ಲಿನ ಆ ಒಂದು ಲಿಂಕು ಹೊಸ ವಿಳಾಸಕ್ಕೆ ತಿರುಗಿದರೆ ಅಂಗಡಿ ಉಳಿಯುತ್ತದೆ, ಮಕ್ಕಳು ಅಣ್ಣನ ಹತ್ತಿರ ಬರುತ್ತಾರೆ. ಇಲ್ಲದಿದ್ದರೆ ಕಾಲುಚೀಲದವನ ಹತ್ತಿರ ಹೋಗುತ್ತಾರೆ.

ಅವಳು ಆ ತಾಯಿಗೆ ಅಣ್ಣನ ಹೆಸರಿನಲ್ಲಿ ಬರೆದಳು. ಉತ್ತರವಿಲ್ಲ. ಮತ್ತೆ ಬರೆದಳು. ಬರೆಯುವಾಗ ಅವಳಿಗೇ ಗಾಬರಿಯಾಯಿತು. ಇರುವುದನ್ನು ಇದ್ದ ಹಾಗೆ ಬರೆಯಲು ಕೂತರೆ ಬೆರಳುಗಳು ತಾವಾಗಿ ಹೊಗಳಿಕೆಯಿಂದ ಶುರುಮಾಡುತ್ತಿದ್ದವು. 'ನಿಮ್ಮ ಪುಟ ಎಷ್ಟೋ ಜನರಿಗೆ ದಾರಿ ತೋರಿಸಿದೆ.' ನಿಜವೇ, ಆದರೆ ಇದೇ ಸಾಲನ್ನು ಪರದೆಯವರ ಪರವಾಗಿಯೂ ಬರೆದಿದ್ದಳು. ಅಳಿಸಿದಳು. 'ನಿಮ್ಮ ಪುಟ್ಟ ಮಗಳು ಈಗ ಹೇಗಿದ್ದಾಳೆ?' ಇದೂ ಪಾಠದ ಎರಡನೆಯ ಸಾಲೇ. ನಿಜವನ್ನು ಹೇಳಲು ಅವಳಿಗೆ ಬೇರೆ ಮಾತು ಉಳಿದಿರಲಿಲ್ಲ. ಅವಳು ಕೂತಲ್ಲೇ ಅತ್ತಳು, ಆಮೇಲೆ ಹಾಗೇ ಕಳಿಸಿದಳು.

ಈ ಸಲ ಉತ್ತರ ಬಂತು. ಯಂತ್ರದ್ದಲ್ಲ, ಮನುಷ್ಯರದ್ದೇ. 'ನಿಮ್ಮ ಶೈಲಿ ನನಗೆ ಪರಿಚಯವಿದೆ. ಎರಡು ವರ್ಷದ ಹಿಂದೆ ಒಂದು ಹಾಸಿಗೆ ಕಂಪನಿಗಾಗಿ ಇದೇ ಮಾತುಗಳಲ್ಲಿ ನನಗೆ ಬರೆದಿದ್ದಿರಿ. ನನ್ನ ಮಗಳನ್ನು ಮನೆಯಲ್ಲಿ ಕರೆಯುವ ಹೆಸರನ್ನು ನನ್ನ ಪುಟದಿಂದ ಹೆಕ್ಕಿ, ಅವಳು ನಮ್ಮ ಹಾಸಿಗೆಯ ಮೇಲೆ ಸುಖವಾಗಿ ಮಲಗುತ್ತಾಳೆ ಎಂದಿದ್ದಿರಿ. ಆಗ ಅವಳು ಬೇರೆ ಕಾಯಿಲೆಗೆ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಳು. ಈಗ ಆ ಬೂಟಿನವರ ಹೆಸರು ಹಿಡಿದುಕೊಂಡು ಬಂದಿದ್ದೀರಿ. ಅವರು ಬಹಳ ಕಾಲದಿಂದ ಆ ವಿಳಾಸದಲ್ಲಿದ್ದಾರೆ, ನಿಮ್ಮದು ನಿನ್ನೆ ಮೊನ್ನೆ ಹುಟ್ಟಿದ್ದು. ಆ ಮನುಷ್ಯರನ್ನಾದರೂ ಬಿಟ್ಟುಬಿಡಿ.'

ಅವಳಿಗೆ ಆ ಹಾಸಿಗೆಯ ಕಾಗದ ನೆನಪಿಗೇ ಬರಲಿಲ್ಲ. ಅಂಥವನ್ನು ಎಷ್ಟು ಬರೆದಿದ್ದಳೋ. ಹುಡುಕಿ ನೋಡಿದಾಗ ಸಿಕ್ಕಿತು. ಪುಟವನ್ನು ಆರಿಸಿ ಮಗಳ ಹೆಸರು ಹೆಕ್ಕಿ ತುಂಬಿದ್ದು ಆಫೀಸಿನ ಇನ್ನೊಬ್ಬಳು, ಅಣ್ಣನಿಗೆ ಲಿಂಕ್ ಕೊಟ್ಟ ತಾಯಿ ಇವಳೇ ಎಂದು ಆ ಹುಡುಗಿಗೇನು ಗೊತ್ತು. ರಾಶಿಯಲ್ಲಿ ಬಂದ ವಿಳಾಸಗಳಿಗೆಲ್ಲ ಲಿಂಕಮ್ಮ ನೋಡದೆ ಸಹಿ ಹಾಕಿ ಕಳಿಸಿದ್ದಳು. ಕ್ಷಮೆ ಕೇಳಿ ಬರೆದ ಕಾಗದ ತಲುಪದೆ ವಾಪಸು ಬಂತು. ಬೇರೆ ಪೆಟ್ಟಿಗೆಯಿಂದ ಕಳಿಸಿದ್ದೂ ಬಂತು. ಆ ತಾಯಿ ತನ್ನ ಪುಟದ ತಲೆಯ ಮೇಲೆ ಹೊಸದಾಗಿ ಒಂದು ಸಾಲು ಹಾಕಿದ್ದಳು: ಲಿಂಕ್ ಬೇಡುವವರ ಕಾಟ ತಡೆಯಲಾಗುತ್ತಿಲ್ಲ, ಇನ್ನು ಮೇಲೆ ಮಗುವಿನ ಪಾದದ ಈಗಿನ ಫೋಟೋ ಇಟ್ಟು ಬರೆಯುವ ಅಪ್ಪ ಅಮ್ಮಂದಿರ ಕಾಗದ ಮಾತ್ರ ತೆರೆಯುತ್ತೇನೆ, ಉಳಿದವು ತಾವಾಗಿ ವಾಪಸು ಹೋಗುತ್ತವೆ.

ಅಳತೆಯ ಜೊತೆ ಬಂದ ಫೋಟೋಗಳನ್ನು ಅಣ್ಣ ಒಂದು ಡಬ್ಬಿಯಲ್ಲಿ ಇಡುತ್ತಿದ್ದ, ಪಾದದ ಫೋಟೋಗಳಿಗೇನೂ ಕೊರತೆಯಿರಲಿಲ್ಲ. ಅವಳು ಒಂದನ್ನು ತೆಗೆದಳು, ತಾಯಿಯಂತೆ ಬರೆದೂಬಿಟ್ಟಳು. ಕಳಿಸುವಾಗ ಕೈ ಬರಲಿಲ್ಲ. ಅದು ಒಳ್ಳೆಯತನವೋ, ಮತ್ತೆ ಸಿಕ್ಕಿಬೀಳುವ ಭಯವೋ ಅವಳಿಗೇ ತಿಳಿಯದು. ಬದಲಿಗೆ ಅಣ್ಣನ ಹಳೆಯ ಗಿರಾಕಿಗಳಿಬ್ಬರಿಗೆ ಫೋನು ಮಾಡಿ ನಿಮ್ಮ ಕಡೆಯಿಂದ ಒಂದು ಮಾತು ಬರೆಯಿರಿ ಎಂದಳು. ಒಬ್ಬಾತ, "ಖಂಡಿತ, ಇವತ್ತೇ ಬರೀತೀನಿ," ಎಂದ. ಯಾವಾಗ ಕೇಳಿದರೂ ಹಾಗೇ ಎನ್ನುತ್ತಾನೆ. ಇನ್ನೊಬ್ಬಳು ಬರೆದಳಂತೆ. ಮಗ ಈಗ ದೊಡ್ಡವನು, ಅವನ ಕಾಲು ಸರಿಯಾಗಿ ವರ್ಷಗಳೇ ಆಗಿವೆ, ಆ ನೆಟ್ಟಗಿನ ಪಾದದ ಫೋಟೋ ಇಟ್ಟಿದ್ದಳು. ಉತ್ತರ ಬರಲಿಲ್ಲ.

ಮನೆಯಲ್ಲಿ ಅವಳು ಹೇಳಿದ್ದು ಇಷ್ಟೇ: ವಿಳಾಸವನ್ನು ಯಾರೋ ಕಿತ್ತುಕೊಂಡಿದ್ದಾರೆ, ಆ ತಾಯಿಗೆ ಬರೆದಿದ್ದೇನೆ, ಉತ್ತರ ಬರಬೇಕು. ಹಾಸಿಗೆಯ ವಿಷಯ ಬಾಯಿ ಬಿಡಲಿಲ್ಲ. ಅಣ್ಣ ದಿನಾ ಸಂಜೆ ಕೇಳುತ್ತಿದ್ದ.

"ಬಂತಾ ಪುಟ್ಟಿ?"

"ಇಲ್ಲಣ್ಣ."

"ಪಾಪ, ಮಕ್ಕಳೊಂದಿಗೆ ಅವರಿಗೂ ಪುರಸೊತ್ತಾಗಬೇಕಲ್ಲ," ಎಂದು ಅಣ್ಣ ಅವಳಿಗೇ ಸಮಾಧಾನ ಹೇಳುತ್ತಿದ್ದ. ಆ ಸಮಾಧಾನ ಕೇಳುವುದು ಬೈಗುಳ ಕೇಳುವುದಕ್ಕಿಂತ ಕಷ್ಟವಾಗುತ್ತಿತ್ತು.

ಇಂಥ ದಿನಗಳಲ್ಲೇ ಒಂದು ಬೆಳಿಗ್ಗೆ ಅಂಗಡಿಗೆ ಗಂಡ ಹೆಂಡತಿ ಬಂದರು. ಹೆಂಡತಿಯ ಸೊಂಟದ ಮೇಲೆ ಒಂದು ಹೆಣ್ಣು ಕೂಸು. ರಜೆಯ ದಿನ, ಅವಳೂ ಕೆಳಗೇ ಇದ್ದಳು. ಬಹಳ ದಿನಕ್ಕೆ ಕೂಸು ಕಂಡ ಅಣ್ಣನ ಮುಖ ಅರಳಿತು. "ಬನ್ನಿ ಬನ್ನಿ ಮಹಾರಾಣಿಯವರೇ," ಎಂದು ಅಳತೆ ಪಟ್ಟಿಗೆ ಕೈ ಹಾಕಿದ. ಗಂಡಸು ಜೇಬಿನಿಂದ ಒಂದು ಜೊತೆ ಪುಟ್ಟ ಕಾಲುಚೀಲ ತೆಗೆದು ಮೇಜಿನ ಮೇಲೆ ಎಸೆದ.

"ಇದೇನು ಅಂತ ಹೇಳಿ ಮೊದಲು," ಎಂದ.

ಅಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದು ನಮ್ಮದಲ್ಲ."

"ನಿಮ್ಮ ಫೋಟೋ ನೋಡಿಯೇ ತರಿಸಿದ್ದು. ಇದೇ ಮುಖ, ಇದೇ ಕನ್ನಡಕ. ಪ್ಲಾಸ್ಟರ್ ಬಿಚ್ಚಿದ ಮೇಲೆ ಬೂಟು ಹಾಕಿಸಿ ಅಂದ್ರು ಡಾಕ್ಟ್ರು. ಹುಡುಕಿದ್ವಿ. ಒಬ್ಬ ತಾಯಿ ನಿಮ್ಮ ಬಗ್ಗೆ ಅಷ್ಟು ಬರೆದಿದ್ರು, ನಂಬಿದ್ವಿ. ಬೂಟು ಬೇಡ ಇದು ಸಾಕು ಅಂತ ನೀವೇ ಹೇಳಿದ್ರಲ್ಲ. ಆರು ತಿಂಗಳು ಹಾಕಿದ್ವಿ."

ಅಣ್ಣ ತಂಗಿಯ ಕಡೆ ತಿರುಗಿದ. ಅವಳು ಮುಂದೆ ಬಂದಳು. "ಅದು ನಮ್ಮ ಹಳೇ ವಿಳಾಸ. ಅವಧಿ ಮುಗಿದಾಗ ಬೇರೆ ಯಾರೋ ಕೊಂಡ್ಕೊಂಡಿದ್ದಾರೆ. ಆ ಲಿಂಕು ಈಗ ಅವರ ಕಡೆ ಹೋಗುತ್ತೆ..." ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ಕಳ್ಳರ ನೆಪದಂತೆ ಕೇಳಿಸಿತು.

ಕೂಸಿನ ತಾಯಿ ಅವಳನ್ನೇ ನೋಡಿದಳು. "ನಂಗೆ ಅದೆಲ್ಲ ಅರ್ಥ ಆಗಲ್ಲ. ನಿಮ್ಮ ವಿಳಾಸ ನೀವು ಇಟ್ಕೊಳ್ಳಬೇಕಿತ್ತು, ಅಲ್ವಾ?"

"ಹೌದು, ಇಟ್ಕೊಳ್ಳಬೇಕಿತ್ತು."

ಅಷ್ಟರಲ್ಲಿ ಅಣ್ಣ ಕೂಸಿನ ಎಡಗಾಲನ್ನು ಅಂಗೈಗೆ ತೆಗೆದುಕೊಂಡಿದ್ದ. ಅದು ಒದೆಯಿತು. ಅವನು ಎಂದಿನ ಮಾತು ಆಡಲಿಲ್ಲ. ಕಪಾಟಿನಿಂದ ಒಂದು ಬೂಟು ತೆಗೆದು ಹಾಕಿ ನೋಡಿದ. ಹಿಮ್ಮಡಿ ಕೂರಲಿಲ್ಲ. ಪಟ್ಟಿ ಸಡಿಲಿಸಿ ಮತ್ತೆ ನೋಡಿದ. ಕೂರಲಿಲ್ಲ. ಪಾದ ಒಳಕ್ಕೆ ತಿರುಗಿತ್ತು. ಅವನು ಬೂಟು ಬಿಚ್ಚಿ, ಕಾಲನ್ನು ಮೆಲ್ಲಗೆ ತಾಯಿಯ ಮಡಿಲಿಗೆ ಬಿಟ್ಟ.

"ಈಗ ಬೂಟು ಹಿಡಿಯಲ್ಲಮ್ಮ. ಮತ್ತೆ ಪ್ಲಾಸ್ಟರೇ ಹಾಕಿಸ್ಬೇಕು, ಮೊದಲಿಂದ. ನಾನೇನೂ ಮಾಡಕ್ಕಾಗಲ್ಲ."

"ಡಾಕ್ಟ್ರೂ ಅದನ್ನೇ ಅಂದ್ರು," ಎಂದಳು ಕೂಸಿನ ತಾಯಿ. ಅವಳ ಕಣ್ಣು ತುಂಬಿತ್ತು.

ಅತ್ತಿಗೆ ಮೆಟ್ಟಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳಿಗೆ ತಡೆಯಲಾಗಲಿಲ್ಲ. "ನೋಡಮ್ಮ, ನಿಮ್ಮಷ್ಟೇ ನಾವೂ ಮೋಸ ಹೋಗಿದ್ದೀವಿ. ಆ ಪುಟ ಬರೆಯೋ ತಾಯಿಗೆ ನೀವೇ ಒಂದು ಮಾತು ಬರೀರಿ, ಹೀಗೆ ಹೀಗೆ ಆಗಿದೆ ಅಂತ. ಈ ಕೂಸಿನ ಕಾಲು ನೋಡಿದ್ರೆ ಅವರು ನಂಬ್ತಾರೆ," ಎಂದಳು.

ಲಿಂಕಮ್ಮ ಯೋಚಿಸಿಯೂ ಬಾಯಿಬಿಡಲಾರದೆ ನಿಂತಿದ್ದ ಮಾತು ಅದೇ. ಈ ಕೂಸಿನ ಪಾದದ ಫೋಟೋ ಒಂದಿದ್ದರೆ ಆ ಬಾಗಿಲು ತೆರೆಯುತ್ತದೆ.

"ಬರೆದಾಯ್ತು," ಎಂದಳು ಕೂಸಿನ ತಾಯಿ. "ನಿನ್ನೆನೇ ಫೋಟೋ ಸಮೇತ ಬರೆದೆ. ಪಾಪ, ಗಂಟೆಯೊಳಗೆ ಉತ್ತರ ಕೊಟ್ರು. ನನ್ನ ಮಾತು ನಂಬಿ ಹೀಗಾಯ್ತಲ್ಲ ಅಂತ ಕ್ಷಮೆ ಕೇಳಿದ್ರು. ನಿಮ್ಮ ಲಿಂಕು ತೆಗೆದುಹಾಕ್ತೀನಿ, ಎಲ್ಲರಿಗೂ ಎಚ್ಚರಿಕೆ ಹೇಳ್ತೀನಿ ಅಂದ್ರು."

"ಹಾಗಾದ್ರೆ ಇನ್ನೊಂದು ಸಲ ಬರೆದು ಬಿಡಿಸಿ ಹೇಳಿ ತಾಯಿ," ಎಂದಳು ಅತ್ತಿಗೆ.

ಕೂಸಿನ ತಾಯಿ ಅದಕ್ಕೆ ಟೋಪಿ ಹಾಕುತ್ತಿದ್ದಳು. ಕೋಪದ ದನಿಯಲ್ಲೇನೂ ಹೇಳಲಿಲ್ಲ. "ನೀವು ಹೇಳೋದು ನಿಜ ಇರಬಹುದು. ಆದ್ರೆ ನಿಮ್ಮ ಬಗ್ಗೆ ಒಳ್ಳೇದು ಬರೆಯೋಕೆ ನಂಗೆ ಈಗ ಮನಸ್ಸು ಬರಲ್ಲ. ಮೊದಲು ಇವಳ ಕಾಲು ಸರಿಯಾಗ್ಲಿ," ಎಂದು ಎದ್ದಳು. ಅದರಲ್ಲಿ ತಪ್ಪು ಹುಡುಕಲು ಯಾರಿಗೂ ಆಗಲಿಲ್ಲ. ಅವರು ಕಾಲುಚೀಲವನ್ನು ಮೇಜಿನ ಮೇಲೇ ಬಿಟ್ಟು ಹೋದರು.

ಅವಳು ಮೇಲಿನಿಂದ ಲ್ಯಾಪ್‌ಟಾಪ್ ತಂದು ಆ ಪುಟ ತೆರೆದಳು. ಲಿಂಕು ಇರಲಿಲ್ಲ. ಅಣ್ಣನ ಹೆಸರು ಇತ್ತು, ಊರು, ಬೀದಿ ಸಮೇತ. 'ನಾನು ಮೆಚ್ಚಿ ಬರೆದಿದ್ದ ಈ ಬೂಟಿನವರು ಈಗ ಮಕ್ಕಳಿಗೆ ಮೋಸದ ಕಾಲುಚೀಲ ಮಾರುತ್ತಿದ್ದಾರೆ. ಯಾವ ವಿಳಾಸದಿಂದ ಕರೆದರೂ ಇವರ ಹತ್ತಿರ ಹೋಗಬೇಡಿ.' ಅಣ್ಣನ ಹೆಸರು ಹಾಕಿ ಹುಡುಕಿದಳು. ಎಲ್ಲಕ್ಕಿಂತ ಮೊದಲು ಬಂದದ್ದು ಅದೇ. ತಿಂಗಳುಗಟ್ಟಲೆ ಅವಳ ಯಾವ ಕಾಗದಕ್ಕೂ ಅಲ್ಲಾಡದ ಪುಟ ಒಂದೇ ಕಾಗದಕ್ಕೆ ಬದಲಾಗಿತ್ತು.

ಅಣ್ಣ ಬಂದು ಹಿಂದೆ ನಿಂತ. ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿಕೊಂಡು ನಿಧಾನವಾಗಿ ಓದಿದ. ಇನ್ನೊಮ್ಮೆ ಓದಿದ.

"ಅಂಗಡಿ ಹೋದ್ರೆ ಹೋಗ್ಲಿ ಪುಟ್ಟಿ," ಎಂದ. "ಲಿಂಕೂ ಬೇಡ, ಏನೂ ಬೇಡ. ಅಲ್ಲಿಂದ ನನ್ನ ಹೆಸರೊಂದು ತೆಗಿಸಿಬಿಡು. ಅವರಿಗೆ ಬರಿ. ಚೆನ್ನಾಗಿ ಬರಿ."

"ಆಗ್ಲಿ ಅಣ್ಣ, ಬರೀತೀನಿ," ಎಂದಳು ಅವಳು. ಅಣ್ಣ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತ, ಅವಳು ಬರೆಯುವುದನ್ನು ನೋಡಲು. ಅವಳು ಹೊಸ ಕಾಗದ ತೆರೆದಳು. ಅವನು ಕೂತಿರುವವರೆಗೂ ಬರೆದಳು. ಕಳಿಸಿದಳು ಕೂಡ. ಅದು ತಲುಪುವುದಿಲ್ಲ ಎಂದು ಅವನಿಗೆ ಹೇಳಲಿಲ್ಲ.